ಒಂದೇ ಪುಸ್ತಕಕ್ಕೆ ಎರಡು ಸಲ ಹಣ?

ನಮ್ಮ ಮನೆ ಇರುವುದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಕಾಲೇಜುಗಳು, ಝೆರಾಕ್ಸ್ ಅಂಗಡಿಗಳು, ಖಾನಾವಳಿಗಳು, ಸಂಜೆಯಾದರೆ ರಸ್ತೆ ತುಂಬ ಹುಡುಗ ಹುಡುಗಿಯರು. ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ರವಿವಾರ ಊಟಕ್ಕೆ ನಮ್ಮಲ್ಲಿಗೆ ಬರುತ್ತಾನೆ. ಮೊನ್ನೆ ಬಂದವನ ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಪಠ್ಯಪುಸ್ತಕವೆಂದು ಸಂತೋಷಪಟ್ಟೆ. ನೋಡಿದರೆ ಆಟದ ಪುಸ್ತಕ!

"ಖಾಲಾ, ಇದು ನಿಯಮಗಳ ಪುಸ್ತಕ. ನಾಲ್ಕು ಜನ ಸೇರಿ ದುಡ್ಡು ಹಾಕಿ ತಂದಿದ್ದೇವೆ" ಎಂದ.

ಮೇಜಿನ ಸುತ್ತ ಕುಳಿತು ಆಡುವ ಕತೆಯ ಆಟವಂತೆ. ಒಬ್ಬ ಕತೆ ಹೇಳುತ್ತಾನೆ. ಉಳಿದವರು ಅದರಲ್ಲಿ ಒಂದೊಂದು ಪಾತ್ರವಾಗುತ್ತಾರೆ. ಯಾರು ಏನು ಮಾಡಬಹುದು, ಗೆದ್ದರೋ ಸೋತರೋ ಎಂಬುದನ್ನು ಪುಸ್ತಕ ಮತ್ತು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತವೆ. ಈ ಬಗೆಯ ಆಟಗಳಲ್ಲಿ ಹೆಸರಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. 2024ರಲ್ಲಿ ಬಂದ ಆಟಗಾರರ ಕೈಪಿಡಿಯೊಂದೇ 384 ಪುಟ! ನಾವು ಬಾಲ್ಯದಲ್ಲಿ ಚೌಕಾಬಾರ ಆಡಲು ಒಂದು ಸುಣ್ಣದ ತುಂಡು ಮತ್ತು ನಾಲ್ಕು ಕವಡೆ ಸಾಕಾಗಿತ್ತು. ನಿಯಮ ಅಜ್ಜಿಯ ಬಾಯಲ್ಲಿತ್ತು, ಓಣಿಗೊಂದರಂತೆ ಬೇರೆಯೂ ಆಗುತ್ತಿತ್ತು. ದಾಳ ಕಂಡು ನಮ್ಮ ಅತ್ತೆಯವರು ಮುಖ ಗಂಟಿಕ್ಕಿದರು. ಹಣದ ಬಾಜಿ ಇಲ್ಲವೆಂದು ಹುಡುಗ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಅದು ಬೇರೆಯೇ ಚರ್ಚೆ, ಇರಲಿ.

ಅವನ ದುಃಖ ಇನ್ನೊಂದು. ಪುಸ್ತಕ ಒಂದೇ, ಆಡುವವರು ನಾಲ್ವರು. ಹಾಸ್ಟೆಲಿನಲ್ಲಿ ಒಬ್ಬ ಓದುವಾಗ ಉಳಿದವರು ಕಾಯಬೇಕು. ಮೊಬೈಲಿನಲ್ಲಿ ಅದೇ ಪುಸ್ತಕ ಬೇಕೆಂದರೆ ಮತ್ತೆ ಪ್ರತ್ಯೇಕ ಹಣ. "ಒಮ್ಮೆ ಕೊಟ್ಟೆವಲ್ಲ ಖಾಲಾ, ಅದೇ ಅಕ್ಷರಕ್ಕೆ ಎರಡನೇ ಸಲ ಯಾಕೆ ಕೊಡಬೇಕು? ಗೆಳೆಯನೊಬ್ಬ ಕದ್ದ ಪ್ರತಿ ಕಳಿಸುತ್ತೇನೆ ಅಂತಾನೆ. ನಾವು ಪುಸ್ತಕ ಕೊಂಡಿದ್ದೇವೆ, ಹಾಗಾಗಿ ಅದು ಕಳ್ಳತನ ಅಲ್ಲ ಅಲ್ಲವೇ?"

ತಟ್ಟನೆ ಉತ್ತರ ಹೊಳೆಯಲಿಲ್ಲ. ಕದ್ದ ಪ್ರತಿ ಬೇಡ ಎಂದೆ. ಅದನ್ನು ಹಂಚುವವನು ಪುಸ್ತಕ ಕೊಂಡವರಿಗೆ ಮಾತ್ರ ಹಂಚುತ್ತಿಲ್ಲವಲ್ಲ. ಬರೆದವರ, ಚಿತ್ರ ಬಿಡಿಸಿದವರ ದುಡಿಮೆಯನ್ನು ಎಲ್ಲರಿಗೂ ಬಿಟ್ಟಿ ಹಂಚುತ್ತಿದ್ದಾನೆ. ಆದರೆ ಹುಡುಗನ ಪ್ರಶ್ನೆಯಲ್ಲಿ ನ್ಯಾಯವಿಲ್ಲ ಎನ್ನಲು ನನ್ನ ಮನಸ್ಸು ಒಪ್ಪಲಿಲ್ಲ.

ಈ ನ್ಯಾಯ ಕೆಲವು ಪ್ರಕಾಶಕರಿಗೂ ಹೊಳೆದಿದೆ. 2010ರಲ್ಲಿ ಇಂಥ ಆಟಗಳ ಕೆಲವು ಸಣ್ಣ ಪ್ರಕಾಶಕರು ಸೇರಿ 'ಬಿಟ್ಸ್ ಅಂಡ್ ಮಾರ್ಟರ್' ಎಂಬ ಏರ್ಪಾಡು ಮಾಡಿಕೊಂಡರು. ನೆರೆಯ ಅಂಗಡಿಯಲ್ಲಿ ಮುದ್ರಿತ ಪುಸ್ತಕ ಕೊಂಡವರಿಗೆ ಅದರ ಪಿಡಿಎಫ್ ಪ್ರತಿ ಉಚಿತ. ಇದರಲ್ಲಿ ಅಂಗಡಿಯವನ ಹಿತವೂ ಇದೆ. ಪ್ರಕಾಶಕರು ತಮ್ಮಲ್ಲಿ ನೇರವಾಗಿ ಕೊಂಡವರಿಗೆ ಮಾತ್ರ ಪಿಡಿಎಫ್ ಕೊಟ್ಟರೆ ಅಂಗಡಿಗೆ ಹೋಗುವವರಾದರೂ ಯಾರು?

ದೊಡ್ಡ ಕಂಪೆನಿಯ ದಾರಿ ಬೇರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಒಡೆತನವಿರುವ ವಿಝರ್ಡ್ಸ್ ಆಫ್ ದಿ ಕೋಸ್ಟ್ 2022ರಲ್ಲಿ 'ಡಿ ಅಂಡ್ ಡಿ ಬಿಯಾಂಡ್' ಎಂಬ ಡಿಜಿಟಲ್ ಸೇವೆಯನ್ನು ಕೊಂಡುಕೊಂಡಿತು. ಅದೇ ವರ್ಷ ಕಾಗದದ ಪುಸ್ತಕ, ಡಿಜಿಟಲ್ ಪುಸ್ತಕ ಎರಡನ್ನೂ ಜೋಡಿಯಾಗಿ ಮಾರತೊಡಗಿತು. ಆದರೆ ಆ ಡಿಜಿಟಲ್ ಪುಸ್ತಕವನ್ನು ಅವರದೇ ಖಾತೆಯೊಳಗೆ ಹೋಗಿ ಓದಬೇಕು. ಪಿಡಿಎಫ್ ನಿಮ್ಮ ಬೀರುವಿನಲ್ಲಿಟ್ಟ ಒಡವೆಯಿದ್ದಂತೆ. ಇದು ಅವರ ಬೀರುವಿನಲ್ಲಿಟ್ಟ ಒಡವೆ. 2024ರ ಆಗಸ್ಟ್‌ನಲ್ಲಿ, ಹಳೆಯ ಆವೃತ್ತಿಗೆ ಹಣ ಕೊಟ್ಟವರ ಪಾತ್ರದ ಹಾಳೆಗಳಲ್ಲೂ ಕೆಲವು ನಿಯಮಗಳನ್ನು ಹೊಸದಕ್ಕೆ ಬದಲಾಯಿಸುವುದಾಗಿ ಕಂಪೆನಿ ಪ್ರಕಟಿಸಿತು. ಆಟಗಾರರು ಗಲಾಟೆಯೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಕಪಾಟಿನ ಪುಸ್ತಕದ ಅಕ್ಷರವನ್ನು ಹಾಗೆ ಯಾರೂ ಬಂದು ತಿದ್ದಲಾರರು. 2009ರಲ್ಲಿ ಅಮೆಝಾನ್ ಕಂಪೆನಿ ತಾನು ಮಾರಿದ ಜಾರ್ಜ್ ಆರ್ವೆಲ್‌ರ ಪುಸ್ತಕಗಳನ್ನು ಗಿರಾಕಿಗಳ ಕಿಂಡಲ್‌ನಿಂದ ದೂರದಿಂದಲೇ ಅಳಿಸಿಹಾಕಿತ್ತು. ಮಾರಿದವನಿಗೆ ಅದನ್ನು ಮಾರುವ ಹಕ್ಕಿರಲಿಲ್ಲ ಎಂಬುದು ಕಾರಣ. ಹಣ ಮರಳಿಸಿದರು, ಕ್ಷಮೆಯನ್ನೂ ಕೇಳಿದರು. ಆದರೂ ಮನೆಗೆ ಬಂದ ಪುಸ್ತಕ ಮನೆಯಿಂದಲೇ ಮಾಯವಾದದ್ದು ನಿಜ.

ಹಾಗೆಂದು ಕಾಗದವೇ ಶಾಶ್ವತ ಎನ್ನಲು ನಮ್ಮ ಊರಿನವರಿಗೆ ಬಾಯಿ ಬಾರದು. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆಗಳು ಹೋದಾಗ ಮಾವನವರು ಒಂದು ಟ್ರಂಕು ಪುಸ್ತಕ ಹೊತ್ತು ತಂದಿದ್ದರು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಅದು ತೊಯ್ದದ್ದು ಯಾರಿಗೂ ಗೊತ್ತಾಗಲಿಲ್ಲ. ತೆರೆಯುವಾಗ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಅವುಗಳಿಗೆ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ನಮ್ಮ ಸರಕಾರಕ್ಕೂ ಈ ಎರಡು ರೂಪಗಳ ನಂಟು ಗೊತ್ತು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಮುದ್ರಿತ ರೂಪವೂ ಇರುವ ಇ-ಪುಸ್ತಕದ ತೆರಿಗೆಯನ್ನು 2018ರ ಜುಲೈಯಲ್ಲಿ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಯಿತು. ಇನ್ನು, ಎರಡನ್ನೂ ಒಟ್ಟಿಗೆ ಕೊಡುವುದು ಅಸಾಧ್ಯ ಎನ್ನುವವರು ನಮ್ಮ ಮಕ್ಕಳ ಚೀಲ ನೋಡಲಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಸರಕಾರಿ ಶಾಲೆಯ ಮಕ್ಕಳ ಕೈಗೂ ಉಚಿತವಾಗಿ ಬರುತ್ತವೆ, ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲೂ ಉಚಿತವಾಗಿ ಸಿಗುತ್ತವೆ. ಪಾಠದ ಮಗ್ಗುಲಲ್ಲಿರುವ ಚೌಕಾಕಾರದ ಕ್ಯೂಆರ್ ಕೋಡ್ ಅನ್ನು ಮೊಬೈಲಿಗೆ ತೋರಿಸಿದರೆ, 2017ರಲ್ಲಿ ಆರಂಭವಾದ 'ದೀಕ್ಷಾ'ದ ಪಾಠಗಳು ತೆರೆಯುತ್ತವೆ. ಒಂದೇ ಮೊಬೈಲ್ ಇರುವ ಮನೆಯಲ್ಲಿ ಅದು ಮೊದಲು ಅಣ್ಣನ ಕೈಗೆ ಹೋಗುತ್ತದೆ, ತಂಗಿಯ ಪಾಲಿಗೆ ಕಾಗದದ ಪುಸ್ತಕವೇ ಗತಿ ಎಂಬುದನ್ನೂ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗ ಕದ್ದ ಪ್ರತಿ ಬೇಡವೆಂದು ಗೆಳೆಯನಿಗೆ ನನ್ನೆದುರೇ ಫೋನು ಮಾಡಿದ. ನಾಲ್ವರೂ ಸರದಿಯಂತೆ ಓದುತ್ತಾರಂತೆ. ಮುಂದಿನ ಪುಸ್ತಕಕ್ಕೆ ದುಡ್ಡು ಹಾಕುವ ಮೊದಲು ಪಿಡಿಎಫ್ ಜೊತೆಗೆ ಕೊಡುವ ಪ್ರಕಾಶಕರು ಯಾರೆಂದು ಹುಡುಕುತ್ತೇನೆ ಎಂದ.

ಅಷ್ಟರಲ್ಲಿ ಏಳನೇ ತರಗತಿಯ ನನ್ನ ಮಗಳು ತನ್ನ ವಿಜ್ಞಾನ ಪುಸ್ತಕ ತಂದಳು. ನಡುವಿನ ಎಂಟು ಪುಟಗಳೇ ಇರಲಿಲ್ಲ. ಹೊಲಿಗೆಯಲ್ಲೇ ತಪ್ಪಿದ್ದವು. "ಅಮ್ಮೀ, ನಾಡಿದ್ದು ಪರೀಕ್ಷೆ" ಎಂದು ಅಳುಮುಖ ಮಾಡಿದಳು. ಅವಳ ಅಣ್ಣನೇ ಪಿಡಿಎಫ್ ಇಳಿಸಿ, ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಗೆ ಓಡಿ ಆ ಎಂಟು ಪುಟ ಮುದ್ರಿಸಿ ತಂದ. ಅತ್ತೆಯವರು ಸೂಜಿ ದಾರ ಹಿಡಿದು ಅವನ್ನು ಪುಸ್ತಕಕ್ಕೆ ಹೊಲಿದುಕೊಟ್ಟರು.