ಮಿಷನ್ನಿನ ಭಾಷೆ: ಗಡಿನಾಡಿಗೊಂದು ಪಾಠ

ಭಾಷಾ ಅಲ್ಪಸಂಖ್ಯಾತರ ಪ್ರಶ್ನೆ ಎದ್ದಾಗಲೆಲ್ಲ ನಾವು ಸರಕಾರದ ಕಡೆಗೇ ಬೆರಳು ತೋರಿಸುತ್ತೇವೆ. ಸರಕಾರದ ಹೊಣೆ ದೊಡ್ಡದೇ ಸರಿ. ಆದರೆ ಜನರ ನಡುವೆ ಶಾಲೆ, ಆಸ್ಪತ್ರೆ, ಪ್ರಾರ್ಥನಾಲಯ ಕಟ್ಟುವವರು ಆರಿಸಿಕೊಳ್ಳುವ ಭಾಷೆಯೂ ಒಂದು ನುಡಿಯ ಏಳುಬೀಳಿಗೆ ಕಾರಣವಾಗುತ್ತದೆ. ತಮಿಳುನಾಡಿನ ಸೇಲಂ-ಧರ್ಮಪುರಿ ಸೀಮೆಯ ಲುಥೆರನ್ ಮಿಷನ್ನಿನ ಚರಿತ್ರೆ ಇದಕ್ಕೊಂದು ನಿದರ್ಶನ.

1895ರಲ್ಲಿ ಥಿಯೋಡರ್ ನೇಥರ್ ಎಂಬ ಜರ್ಮನ್ ಪಾದ್ರಿ ಅಂದಿನ ಸೇಲಂ ಜಿಲ್ಲೆಯ ಕೃಷ್ಣಗಿರಿಯಲ್ಲಿ ಅಮೇರಿಕದ ಮಿಸ್ಸೂರಿ ಲುಥೆರನ್ ಸಭೆಯ ಪರವಾಗಿ ಕೆಲಸಕ್ಕೆ ತೊಡಗಿದರು. 1904ರಲ್ಲಿ ಪ್ಲೇಗಿಗೆ ಬಲಿಯಾದರು. ಇಂದಿನ ಇಂಡಿಯಾ ಇವ್ಯಾಂಜೆಲಿಕಲ್ ಲುಥೆರನ್ ಚರ್ಚಿನ ಮೂಲ ಇದೇ. ನೇಥರ್ ಮೊದಲು ಲೈಪ್‌ಜಿಗ್ ಮಿಷನ್ನಿನವರು, ತಮಿಳು ಬಲ್ಲವರು. ತರಂಗಂಬಾಡಿಯಲ್ಲಿ 1715ರಷ್ಟು ಹಿಂದೆಯೇ ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಅಚ್ಚು ಹಾಕಿದ್ದ ಪರಂಪರೆ ಲುಥೆರನರದು. ಆದುದರಿಂದ ಇಲ್ಲಿಯೂ ಕೆಲಸ ತಮಿಳಿನಲ್ಲೇ ಸಾಗಿತು. ಇದನ್ನು ತಪ್ಪೆನ್ನಲಾಗದು.

ಆದರೆ ಅದೇ ಸೀಮೆಯ ಹೊಸೂರು, ಡೆಂಕಣಿಕೋಟೆಗಳಲ್ಲಿ ಕನ್ನಡ, ತೆಲುಗು ಮಾತಾಡುವವರ ಮನೆಗಳು ಅಸಂಖ್ಯ. ಮಂಗಳೂರಿನಲ್ಲಿ ಆದದ್ದು ಬೇರೆ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು ಊರಿನ ನುಡಿಗಳನ್ನೇ ಕಲಿತರು. 1843ರಲ್ಲಿ ಮೊಗ್ಲಿಂಗರ 'ಮಂಗಳೂರು ಸಮಾಚಾರ', 1847ರಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆ, 1894ರಲ್ಲಿ ಕಿಟ್ಟೆಲರ ನಿಘಂಟು ಬಂದವು. ಉದ್ದೇಶ ಮತಪ್ರಚಾರವೇ ಆಗಿತ್ತು. ಅದನ್ನು ಒಪ್ಪದವರಿಗೂ ದಕ್ಕಿದ ಲಾಭ ಮಾತ್ರ ಕನ್ನಡದ್ದು. ನಿಘಂಟು ಹೊರಬಂದ ಮರುವರ್ಷವೇ ಕೃಷ್ಣಗಿರಿಯ ಕೆಲಸ ಶುರುವಾಯಿತೆಂಬುದು ಯೋಚಿಸತಕ್ಕ ಸಂಗತಿ.

ಸೇಲಂನಿಂದ 1965ರಲ್ಲಿ ಧರ್ಮಪುರಿ, ಅದರಿಂದ 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಗಳಾದವು. ಕಾರ್ಖಾನೆಗಳಿಂದ ಬೆಳೆದ ಹೊಸೂರು 2019ರಲ್ಲಿ ಮಹಾನಗರವಾಯಿತು. ನಾಲ್ಕಾರು ಭಾಷೆಯ ಕಾರ್ಮಿಕರು ಒಂದೇ ಬೀದಿಯಲ್ಲಿದ್ದಾರೆ. ಅಲ್ಲಿ ಸೇವೆಗೆ ಹೊರಡುವ ಯಾವ ಸಭೆಯಾದರೂ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಯಾರ ಭಾಷೆಯಲ್ಲಿ? ಎಂಬುದು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯಿದೆಯಿಂದ ಶಾಲೆಯಲ್ಲಿ ತಾಯ್ನುಡಿಯ ಜಾಗ ಕಿರಿದಾದ ಮಕ್ಕಳಿಗೆ ಭಾನುವಾರದ ಒಂದು ಕನ್ನಡ ಪಾಠವೂ ಸಣ್ಣದಲ್ಲ.

ಕಾಸರಗೋಡಿನ ನಮಗಿದು ಪರರ ಕಥೆಯಲ್ಲ. ಕೇರಳದ 2017ರ ಕಡ್ಡಾಯ ಮಲೆಯಾಳ ಕಾಯಿದೆಯ ವಿರುದ್ಧ ನಾವು ಬೀದಿಗಿಳಿದೆವು, ಸರಿಯೇ. ಆದರೆ ನಮ್ಮ ದೇವಸ್ಥಾನ, ಇಗರ್ಜಿ, ಸಹಕಾರಿ ಸಂಘಗಳ ನೋಟೀಸು ಯಾವ ಲಿಪಿಯಲ್ಲಿದೆ? ಕನ್ನಡ ಶಾಲೆಯ ಅಧ್ಯಾಪಕನಾದ ನನ್ನ ಕೈಗೆ ಬರುವ ಮದುವೆಯ ಕಾಗದಗಳಲ್ಲೇ ಕನ್ನಡದವು ವರ್ಷವರ್ಷಕ್ಕೂ ಕಡಿಮೆ. ದೂರದೇಶದ ಪಾದ್ರಿಗಳು ಕಷ್ಟಪಟ್ಟು ಕಲಿತ ಅಕ್ಷರವನ್ನು ನಮ್ಮ ಮನೆಯಂಗಳದಲ್ಲಿ ನಾವೇ ಕೈಬಿಟ್ಟರೆ, ಕಾಯಿದೆಯನ್ನು ದೂರಿ ಫಲವೇನು?