ಕೊಲೊನೊಸ್ಕೊಪಿ ಮುಗಿಸಿ ಬಂದ ಮೇಲೆ ಹೊಟ್ಟೆನೋವಾ? 'ಗ್ಯಾಸ್' ಅಂತ ಸುಮ್ಮನಿರಬೇಡಿ

ಯಲಹಂಕ: ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ, ಯಲಹಂಕ ಕಡೆಯ ಜನರಿಗೆ ಕೊಲೊನೊಸ್ಕೊಪಿ ಈಗ ಹೊಸ ಹೆಸರೇನಲ್ಲ. ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವ ಈ ಪರೀಕ್ಷೆಗೆ ಬೆಳಗ್ಗೆ ಹೋದವರು ಸಾಮಾನ್ಯವಾಗಿ ಸಂಜೆಯೊಳಗೆ ಮನೆಗೆ ಬರ್ತಾರೆ. ಬಹುಪಾಲು ಜನರಿಗೆ ಏನೂ ಆಗಲ್ಲ. ಆದರೆ ತೊಂದರೆ ಆಗೋ ಕೆಲವರಿಗೆ ಅದು ಗೊತ್ತಾಗೋದು ಮನೆಗೆ ಬಂದ ಮೇಲೂ ಇರಬಹುದು.

ಎಷ್ಟು ಅಪರೂಪ? ಅಮೆರಿಕದ ತಜ್ಞರ ಕಾರ್ಯಪಡೆ 2021ರಲ್ಲಿ ಕೊಟ್ಟ ಲೆಕ್ಕದಂತೆ, ಕ್ಯಾನ್ಸರ್ ತಪಾಸಣೆಗೆಂದು ಮಾಡಿದ 10,000 ಕೊಲೊನೊಸ್ಕೊಪಿಗಳಲ್ಲಿ ಕರುಳಿಗೆ ತೂತು ಬೀಳೋದು ಸುಮಾರು 3 ಜನರಿಗೆ, ಗಂಭೀರ ರಕ್ತಸ್ರಾವ ಸುಮಾರು 15 ಜನರಿಗೆ. ಪಾಲಿಪ್ ಅಂದ್ರೆ ಕರುಳಿನ ಗಂಟು ಕತ್ತರಿಸಿದ್ದರೆ ಅಪಾಯ ಹೆಚ್ಚು.

ಪರೀಕ್ಷೆ ವೇಳೆ ಕರುಳಿಗೆ ಗಾಳಿ ತುಂಬುತ್ತಾರೆ. ಹಾಗಾಗಿ ಹೊಟ್ಟೆ ಉಬ್ಬರ, ಸಣ್ಣ ನೋವು ಸಹಜ. ಗಾಳಿ ಹೋದಂತೆ ಕಡಿಮೆಯಾಗಬೇಕು. ನೋವು ಏರ್ತಾ ಹೋದ್ರೆ, ಹೊಟ್ಟೆ ಗಟ್ಟಿಯಾದ್ರೆ, ಜ್ವರ, ವಾಂತಿ, ತಲೆಸುತ್ತು ಬಂದ್ರೆ ತಡಮಾಡಬಾರದು. ತೂತು ಬಿದ್ದ ಕರುಳಿನಿಂದ ಮಲ ಹೊಟ್ಟೆಯೊಳಗೆ ಸೋರಿದರೆ ಸೋಂಕು ಹರಡುತ್ತೆ, ಪ್ರಾಣಕ್ಕೇ ಕುತ್ತು. ರಾತ್ರಿ ಜೀರಿಗೆ ಕಷಾಯ ಕುಡಿದು ಬೆಳಗ್ಗೆ ನೋಡೋಣ ಅನ್ನೋದು ಇಲ್ಲಿ ದುಬಾರಿ.

ಪಾಲಿಪ್ ತೆಗೆದವರಿಗೆ ಎರಡು ವಾರದವರೆಗೂ ರಕ್ತಸ್ರಾವ ಆಗಬಹುದು. ಆದ್ದರಿಂದ ಯಶವಂತಪುರ ಮಾರ್ಕೆಟ್‌ನಲ್ಲಿ ಮೂಟೆ ಎತ್ತುವವರು ಯಾವಾಗ ಕೆಲಸಕ್ಕೆ ಇಳಿಯಬಹುದು ಅಂತ ವೈದ್ಯರನ್ನೇ ಕೇಳಿ. ಹೃದಯಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ, ತಾವಾಗೇ ನಿಲ್ಲಿಸಬೇಡಿ.

ಇನ್ನು ಸಹಿ ವಿಚಾರ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಬೇರೆ ಶಸ್ತ್ರಚಿಕಿತ್ಸೆಗೂ ಒಪ್ಪಿಗೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಪ್ರಾಣ ಉಳಿಸಲು ಅಥವಾ ಆರೋಗ್ಯ ಕಾಪಾಡಲು ತಡಮಾಡಲಾಗದ ತುರ್ತಿಗೆ ಮಾತ್ರ ವಿನಾಯಿತಿ. ಪಾಲಿಪ್ ಸಿಕ್ಕರೆ ತೆಗೀತೀರಾ, ಅಪಾಯ ಏನು ಅಂತ ಸಹಿಗೆ ಮುಂಚೆ ಕೇಳೋದು ನಿಮ್ಮ ಹಕ್ಕು. ಹಾಗಂತ ತೊಂದರೆ ಆದ ಕೂಡಲೇ ಅದು ವೈದ್ಯರ ನಿರ್ಲಕ್ಷ್ಯ ಅಂತಲೂ ಅಲ್ಲ. ಎಚ್ಚರಿಕೆಯಿಂದ ಮಾಡಿದರೂ ಆಗಬಹುದು. ಅದನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟರಾ ಅನ್ನೋದು ಮುಖ್ಯ ಪ್ರಶ್ನೆ.

ಆಸ್ಪತ್ರೆ ಬಿಡುವ ಮುನ್ನ ಮೂರು ವಿಷಯ ಬರೆಸಿಕೊಳ್ಳಿ: ಪಾಲಿಪ್ ತೆಗೆದರಾ, ರಾತ್ರಿ ಯಾವ ನಂಬರ್‌ಗೆ ಫೋನ್ ಮಾಡಬೇಕು, ತುರ್ತಾದರೆ ಎಲ್ಲಿಗೆ ಬರಬೇಕು. ಮಂಪರು ಔಷಧಿ ಕೊಟ್ಟಿರುವುದರಿಂದ ಅವತ್ತು ಸ್ಕೂಟರ್ ಓಡಿಸಬೇಡಿ, ಜೊತೆಗೆ ಒಬ್ಬರು ಇರಲಿ. ಸ್ಥಿತಿ ಕೆಟ್ಟರೆ 108ಕ್ಕೆ ಕರೆ ಮಾಡಿ.

ಮಲದಲ್ಲಿ ರಕ್ತ ಕಾಣುವವರು ಇದನ್ನೋದಿ ಹೆದರಿ ಪರೀಕ್ಷೆ ತಪ್ಪಿಸಬೇಡಿ. ಕ್ಯಾನ್ಸರ್ ಇದ್ದರೆ ಬೇಗ ಪತ್ತೆ ಆದಷ್ಟೂ ಚಿಕಿತ್ಸೆ ಸುಲಭ.