ಸಿರಿವಂತ ಪಿಶಾಚಕುಮಾರರು

ಭೂತಪ್ರೇತಗಳ ಕಥೆಯನ್ನು ಮಕ್ಕಳು ಓದಬಾರದೆಂದು ವಾದಿಸಲು ನಾನು ಲೇಖನಿಯನ್ನು ಹಿಡಿದಿಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುವೆನು. ಸೋಮದೇವನ ಕಥಾಸರಿತ್ಸಾಗರವನ್ನು ಪಾಠಶಾಲೆಯ ಜಗಲಿಯಲ್ಲಿ ಕುಳಿತು ಓದಿದವನಿಗೆ ಶ್ಮಶಾನವೂ ಬೇತಾಳನೂ ಹಳೆಯ ಪರಿಚಿತರು. ರಕ್ತದ ಹೆಸರೆತ್ತಿದೊಡನೆ ಮುಖ ತಿರುವುವ ಜಾತಿಯ ವಿಮರ್ಶಕನೂ ನಾನಲ್ಲ. ದುಶ್ಶಾಸನವಧೆಯನ್ನು ತರಗತಿಯಲ್ಲಿ ಪಾಠ ಹೇಳಿದವನು ಆ ಮಾತನ್ನು ಆಡಲಾರನು. ನನ್ನ ಆಕ್ಷೇಪಣೆ ಪಿಶಾಚಿಯ ಮೇಲಲ್ಲ, ಪಿಶಾಚಿಯ ಐಶ್ವರ್ಯದ ಮೇಲೆ.

ಇಂಗ್ಲಿಷಿನಲ್ಲಿ ತರುಣ ವಾಚಕರಿಗೆಂದೇ ಬರೆಯುವ ಕಾದಂಬರಿಗಳ ಒಂದು ವರ್ಗವಿದೆ. ಅದರೊಳಗೆ ಕಳೆದ ಇಪ್ಪತ್ತು ವರ್ಷಗಳಲ್ಲಿ ವ್ಯಾಂಪೈರ್ ಎಂಬ ರಕ್ತಪಿಶಾಚಿಯೇ ನಾಯಕನಾದ ಪುಸ್ತಕಗಳು ಹುಲುಸಾಗಿ ಬೆಳೆದಿವೆ. ಅಮೆರಿಕದ ಲೇಖಕಿ ಸ್ಟೆಫನಿ ಮೇಯರ್ 2005ರಲ್ಲಿ ಹೊರಡಿಸಿದ ‘ಟ್ವೈಲೈಟ್’ ಇವುಗಳಲ್ಲಿ ಪ್ರಸಿದ್ಧತಮವಾದುದು. 2008ರೊಳಗೆ ಅದರ ಕಥೆ ನಾಲ್ಕು ಸಂಪುಟಗಳಿಗೆ ಬೆಳೆಯಿತು. ಹತ್ತು ಕೋಟಿಗೂ ಮೀರಿ ಪ್ರತಿಗಳು ಮಾರಾಟವಾದುವು. 2008ರಿಂದ 2012ರ ವರೆಗೆ ಐದು ಚಲನಚಿತ್ರಗಳು ಬಂದುವು. ನಮ್ಮ ಜಿಲ್ಲೆಯ ಮನೆಗಳಿಗೂ ಇವು ಬಂದು ಸೇರಿವೆ. ನಾನು ಓದಿದ ಪ್ರತಿ ನನ್ನ ಮೊಮ್ಮಗಳದು. ಅವಳು ಅದನ್ನು ಮೂರಾವೃತ್ತಿ ಓದಿರುವಳಂತೆ. ರಘುವಂಶದ ಒಂದು ಸರ್ಗಕ್ಕೂ ಈ ಭಾಗ್ಯ ಒದಗಲಿಲ್ಲವೆಂಬ ಅಸೂಯೆ ನನಗಿದ್ದರೆ ವಾಚಕರು ಕ್ಷಮಿಸಬೇಕು.

ಈ ರಕ್ತಪಿಶಾಚಿಯ ವಂಶವೃತ್ತಾಂತವನ್ನು ಸ್ವಲ್ಪ ವಿಸ್ತರಿಸುವುದು ಅಗತ್ಯ, ಏಕೆಂದರೆ ವಿವಾದದ ಬೀಜವಿರುವುದು ಅಲ್ಲಿಯೇ. ಮೊದಲಿಗೆ ಅವನು ಬಡ ಬೇಸಾಯಗಾರ. 1725ರಲ್ಲಿ, ಆಗ ಆಸ್ಟ್ರಿಯದ ಆಳ್ವಿಕೆಯಲ್ಲಿದ್ದ ಸರ್ಬಿಯದ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೀಟರ್ ಬ್ಲಾಗೊಯೆವಿಚ್ ಎಂಬವನು ಸತ್ತ ಮೇಲೆ ಎದ್ದು ಬಂದು ಜನರನ್ನು ಕೊಂದನೆಂದು ಹಳ್ಳಿಗರು ನಂಬಿ, ಹೆಣವನ್ನು ಅಗೆದು, ಎದೆಗೆ ಗೂಟ ನೆಟ್ಟು ಸುಟ್ಟರು. ಸರಕಾರದ ಅಧಿಕಾರಿಯೊಬ್ಬನು ಅದನ್ನು ವರದಿ ಮಾಡಿದನು. ಇಂಥ ಪ್ರಸಂಗಗಳು ಹೆಚ್ಚಲು, 1755ರಲ್ಲಿ ಮಹಾರಾಣಿ ಮರಿಯಾ ಥೆರೇಸಾ ತನ್ನ ವೈದ್ಯನಾದ ವಾನ್ ಸ್ವೀಟೆನನ ಅಭಿಪ್ರಾಯವನ್ನು ಪಡೆದು, ಹೆಣಗಳನ್ನು ಹೀಗೆ ಹಿಂಸಿಸಕೂಡದೆಂದು ಆಜ್ಞೆ ಹೊರಡಿಸಿದಳು. ಆ ಹಳ್ಳಿಯ ಪಿಶಾಚಿಗೆ ರೂಪವೂ ಇಲ್ಲ, ಹಣವೂ ಇಲ್ಲ. ಉಬ್ಬಿದ ಮೈ, ಕೆಂಪೇರಿದ ಮುಖ, ಅಷ್ಟೆ.

ಅವನಿಗೆ ಬಿರುದು ಬಾವಲಿಗಳು ಬಂದುದು 1819ರಲ್ಲಿ. ಕವಿ ಬೈರನ್ನನ ವೈದ್ಯನಾಗಿದ್ದ ಪೊಲಿಡೊರಿ ಎಂಬವನು ಬರೆದ ‘ದಿ ವ್ಯಾಂಪೈರ್’ ಎಂಬ ಕಥೆಯಲ್ಲಿ ಪಿಶಾಚಿಯು ಲಾರ್ಡ್ ರುಥ್ವೆನ್ ಎಂಬ ಶ್ರೀಮಂತನಾಗಿ ಲಂಡನ್ನಿನ ಸಭಾಗೃಹಗಳಲ್ಲಿ ಸುಳಿದಾಡುವನು. ಆ ಕಥೆಯಲ್ಲೊಂದು ಸೂಕ್ಷ್ಮವಾದ ಸಂಗತಿ ಇದೆ. ಈ ಲಾರ್ಡ್ ದಾನಿಯೇ. ಆದರೆ ಅವನ ಕೈಯಿಂದ ಹಣ ಪಡೆದವರೆಲ್ಲರೂ ನೇಣಿಗೋ ದುರ್ಗತಿಗೋ ಗುರಿಯಾಗುವರು. ಹಣದ ಮೂಲ ಕೆಟ್ಟಿದ್ದರೆ ದಾನವೂ ವಿಷವಾಗುವುದೆಂಬುದನ್ನು, ಇಪ್ಪತ್ತನಾಲ್ಕು ವರ್ಷವೂ ತುಂಬದಿದ್ದ ಆ ವೈದ್ಯನು ತಿಳಿದಿದ್ದನು.

1897ರಲ್ಲಿ ಬ್ರ್ಯಾಮ್ ಸ್ಟೋಕರ್ ಬರೆದ ‘ಡ್ರ್ಯಾಕುಲ’ ಇದಕ್ಕಿಂತಲೂ ಸ್ಪಷ್ಟ. ಅತಿಥಿಯಾಗಿ ಕೋಟೆಗೆ ಹೋದ ಹಾರ್ಕರ್ ಎಂಬ ತರುಣ ವಕೀಲನು ಅಲ್ಲಿನ ಒಂದು ಕೋಣೆಯಲ್ಲಿ ಚಿನ್ನದ ನಾಣ್ಯಗಳ ರಾಶಿಯನ್ನು ಕಾಣುವನು: ರೋಮಿನವು, ಬ್ರಿಟಿಷರವು, ಹಂಗೆರಿಯವು, ತುರುಕರವು, ಮುನ್ನೂರು ವರ್ಷಗಳಿಗೆ ಈಚಿನದು ಒಂದೂ ಇಲ್ಲ, ಎಲ್ಲದರ ಮೇಲೂ ಧೂಳು. ಅಷ್ಟು ಹೊನ್ನುಳ್ಳ ಕೌಂಟನ ಮನೆಯಲ್ಲಿ ಒಬ್ಬ ಆಳಿಲ್ಲ. ಹಾಸಿಗೆಯನ್ನು ಹಾಸುವವನೂ ಊಟದ ಮೇಜನ್ನು ಅಣಿಮಾಡುವವನೂ ಅವನೇ. ಮುಂದೆ ಲಂಡನ್ನಿನಲ್ಲಿ ಹಾರ್ಕರನು ಗೂರ್ಖರ ಕುಕ್ರಿಯಿಂದ ಅವನನ್ನು ಹೊಡೆದಾಗ ಸೀಳಿದುದು ಅಂಗಿ. ಅದರೊಳಗಿಂದ ಸುರಿದುದು ನೆತ್ತರಲ್ಲ, ನೋಟಿನ ಕಟ್ಟು ಮತ್ತು ಚಿನ್ನದ ಧಾರೆ! ಪಿಶಾಚಿಯ ಮೈಯಲ್ಲಿ ಹರಿಯುವುದೇನೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಬಗೆ ನನಗೆ ತಿಳಿಯದು. ವೋಲ್ಟೇರನು, ಲಂಡನ್ ಪ್ಯಾರಿಸ್‌ಗಳಲ್ಲಿ ಹಗಲಿನಲ್ಲಿಯೇ ಜನರ ರಕ್ತವನ್ನು ಹೀರುವ ದಲ್ಲಾಳಿಗಳನ್ನು ಕುರಿತು ವ್ಯಂಗ್ಯವಾಡಿದನು. 1867ರಲ್ಲಿ ಮಾರ್ಕ್ಸನು ಬಂಡವಾಳವನ್ನು ಇದೇ ಪಿಶಾಚಿಗೆ ಹೋಲಿಸಿದನು. ಪರಸ್ಪರ ಹೊಂದದ ಮತಗಳ ಜನರು ಒಂದೇ ಉಪಮಾನವನ್ನು ಹಿಡಿದುದು ಆಕಸ್ಮಿಕವಲ್ಲ. ಪರರ ಪ್ರಾಣದಿಂದ ತಾನು ಕೊಬ್ಬುವವನು ಯಾರೆಂಬ ಪ್ರಶ್ನೆಯನ್ನು ಈ ಕಥೆ ತನ್ನ ಬೆನ್ನ ಮೇಲೆ ಹೊತ್ತು ತಿರುಗಿತು.

ಇನ್ನು ಹೊಸ ಕಥೆಗೆ ಬರೋಣ. ವಾಷಿಂಗ್ಟನ್ ಸಂಸ್ಥಾನದ ಫೋರ್ಕ್ಸ್ ಎಂಬುದು ಮೂರು ಸಾವಿರದ ಚಿಲ್ಲರೆ ಜನವಸತಿಯ, ಮರ ಕಡಿದು ಬಾಳಿದ, ಬಿಡದೆ ಮಳೆ ಸುರಿಯುವ ಊರು. ಅಲ್ಲಿನ ಪೋಲೀಸ್ ಅಧಿಕಾರಿಯ ಮಗಳು ಬೆಲ್ಲಾ. ಅವಳು ಮೋಹಿಸುವ ಎಡ್ವರ್ಡ್ ಕಲನ್ 1901ರಲ್ಲಿ ಹುಟ್ಟಿ, 1918ರ ಇನ್‌ಫ್ಲುಯೆಂಜಾ ಮಾರಿಯಲ್ಲಿ ಸಾಯುವುದರಲ್ಲಿದ್ದಾಗ ಪಿಶಾಚಿಯಾಗಿ, ಅಂದಿನಿಂದ ಹದಿನೇಳರಲ್ಲಿಯೇ ನಿಂತವನು. ಬಿಸಿಲಿಗೆ ಅವನು ಬೂದಿಯಾಗುವುದಿಲ್ಲ, ವಜ್ರದಂತೆ ಹೊಳೆಯುವನು. ಅವನ ಕುಟುಂಬ ಮನುಷ್ಯರನ್ನು ಬಿಟ್ಟು ಕಾಡುಮೃಗಗಳ ರಕ್ತವನ್ನು ಕುಡಿಯುವುದು. ಅದಕ್ಕೆ ಅವರು ತಮ್ಮನ್ನು ಸಸ್ಯಾಹಾರಿಗಳೆಂದು ವಿನೋದವಾಗಿ ಕರೆದುಕೊಳ್ಳುವರು! ಕಾಡಿನೊಳಗೆ ಬಂಗಲೆ, ವೇಗದ ಕಾರುಗಳು, ಕಡು ಸುಂದರವಾದ ಉಡುಗೆಗಳು. ಬೆಲ್ಲಾಳಿಗೆ ವಿವಾಹಕ್ಕೆ ಮುಂಚೆ ಮರ್ಸಿಡಿಸ್, ಅನಂತರ ಫೆರಾರಿ.

ಇಷ್ಟು ಹಣ ಎಲ್ಲಿಂದ ಬಂದಿತು? ನಾಲ್ಕನೆಯ ಸಂಪುಟದಲ್ಲಿ ಲೇಖಕಿ ಒಂದೆರಡು ವಾಕ್ಯಗಳಲ್ಲಿ ಉತ್ತರವನ್ನು ಮುಗಿಸಿರುವರು: ಕುಟುಂಬಕ್ಕೆ ಕಾಲ ಅನಂತ, ಮನೆಯ ಮಗಳೊಬ್ಬಳು ಷೇರುಪೇಟೆಯ ಏರಿಳಿತವನ್ನು ಮುಂಗಾಣಬಲ್ಲಳು, ಹಣ ತಾನಾಗಿ ರಾಶಿ ಬಿದ್ದಿತು. 2010ರಲ್ಲಿ ಫೋರ್ಬ್ಸ್ ಎಂಬ ವ್ಯಾಪಾರಪತ್ರಿಕೆಯವರು ಕಲ್ಪಿತ ಪಾತ್ರಗಳ ಧನಿಕಪಟ್ಟಿಯನ್ನು ವಿನೋದಕ್ಕೆ ತಯಾರಿಸಿ, ಈ ಮನೆಯ ಯಜಮಾನನಾದ ಡಾಕ್ಟರ್ ಕಾರ್ಲೈಲ್ ಕಲನ್ನನನ್ನು 3,410 ಕೋಟಿ ಡಾಲರುಗಳೊಡನೆ ಮೊದಲ ಸ್ಥಾನದಲ್ಲಿ ಕೂರಿಸಿದರು. ವಿನೋದವೇ ಸರಿ, ಆದರೆ ಕಥೆಯಲ್ಲಿ ನಿಜವಾಗಿ ಹೊಳೆಯುವುದೇನೆಂಬುದನ್ನು ಆ ಪತ್ರಿಕೆಯವರು ಸಾಹಿತ್ಯವಿಮರ್ಶಕರಿಗಿಂತ ಮೊದಲೇ ಕಂಡುಕೊಂಡರು.

ಶೌಚಗಳಲ್ಲೆಲ್ಲ ಅರ್ಥಶೌಚವೇ ಮೇಲೆಂದು ಮನು ಹೇಳಿರುವನು. ಮಣ್ಣು ನೀರುಗಳಿಂದ ತೊಳೆದುಕೊಂಡ ಮಾತ್ರಕ್ಕೆ ಶುಚಿಯಾಗುವುದಿಲ್ಲ, ಹಣದ ವಿಷಯದಲ್ಲಿ ಶುದ್ಧನಾದವನೇ ಶುದ್ಧನು. ಹಳೆಯ ಪಿಶಾಚಕಥೆ ಈ ಅರ್ಥಶೌಚವನ್ನು ವಿಚಾರಿಸುತ್ತಿತ್ತು. ಹೊಸದು ಮಾಡಿರುವ ಕೈಚಳಕವೆಂದರೆ ರಕ್ತದ ಕಲೆಯನ್ನು ಜಿಂಕೆಗಳ ಲೆಕ್ಕಕ್ಕೆ ವರ್ಗಾಯಿಸಿ, ಸಿರಿಯನ್ನು ಮಾತ್ರ ಉಳಿಸಿಕೊಂಡುದು. ಕೌಂಟನ ಚಿನ್ನದ ಮೇಲೆ ಧೂಳಿತ್ತು; ಕಲನ್ನರ ಹಣದ ಮೇಲೆ ಏನೂ ಇಲ್ಲ. ಬೆಲ್ಲಾಳು ಉಡುಗೊರೆಗಳಿಗೆ ಸಂಕೋಚಪಡುವಳು, ನಿಜ. ಅದು ಬಡವರ ಮನೆಯ ಹುಡುಗಿಯ ನಾಚಿಕೆಯೇ ಹೊರತು ವಿಚಾರವಲ್ಲ.

ಇನ್ನೊಂದು ಮಾಲೆಯನ್ನು ನೋಡಿದರೆ ಟ್ವೈಲೈಟ್ ಸಾಧುವೆನಿಸುವುದು. ಮೆಲಿಸ್ಸಾ ಡಿ ಲಾ ಕ್ರೂಜ್ 2006ರಲ್ಲಿ ಆರಂಭಿಸಿದ ‘ಬ್ಲೂ ಬ್ಲಡ್ಸ್’ ನ್ಯೂಯಾರ್ಕಿನ ಕೋಟ್ಯಧೀಶರ ಮಕ್ಕಳು ಓದುವ ಶಾಲೆಯ ಕಥೆ. ಆ ನಗರದ ಗಣ್ಯ ಮನೆತನಗಳೇ ರಕ್ತಪಿಶಾಚಿಗಳು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದವರೊಡನೆ ಅವರ ಪೂರ್ವೇತಿಹಾಸ ಸೇರಿದೆ. ಉಳಿದ ಮನುಷ್ಯರಿಗೆ ‘ಕೆಂಪು ರಕ್ತದವರು’ ಎಂದು ಹೆಸರು. ಚರಿತ್ರೆಯ ಮೇಫ್ಲವರಿನಲ್ಲಿ ಬಂದವರು 102 ಮಂದಿ. ಮೊದಲ ಚಳಿಗಾಲದಲ್ಲಿಯೇ ಹೆಚ್ಚುಕಡಮೆ ಅರ್ಧ ಜನ ಸತ್ತರು. ಆ ಸಂಕಟದ ಮೇಲೆ ಇಂಥ ಕುಲೀನರನ್ನು ನೆಟ್ಟಿರುವರು! ‘ನೀಲಿ ರಕ್ತ’ವೆಂಬ ಮಾತು ಇಂಗ್ಲಿಷಿಗೆ ಬಂದುದು ಸ್ಪೇನಿನ ಕುಲೀನರ ಜಂಬದಿಂದ. ಶ್ರೀಮಂತರು ಪರರ ರಕ್ತವನ್ನು ಹೀರುವರೆಂಬುದು ಪೊಲಿಡೊರಿಗೆ ಆರೋಪ; ಇಲ್ಲಿ ಅದು ವಂಶಾವಳಿಯ ಪ್ರಶಸ್ತಿ. ಕುಲದ ಅಹಂಕಾರದಿಂದ ಎಂಥ ಅನರ್ಥವಾಗುವುದೆಂಬುದನ್ನು ನಮ್ಮ ದೇಶದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನೀಗ ಬಣ್ಣದ ಹೊದಿಕೆ ಹಾಕಿ, ಬೆಲೆ ಕೊಟ್ಟು ಆಮದು ಮಾಡಿಕೊಳ್ಳಬೇಕೆ?

ಉಪಾಧ್ಯಾಯನಾದ ನಾನು ಹೇಳದೆ ಬಿಡಲಾರದ ಮಾತೊಂದಿದೆ. ಈ ಕಲನ್ ಮಕ್ಕಳು ಊರೂರಿಗೆ ಹೋಗಿ ಮತ್ತೆ ಮತ್ತೆ ಹೈಸ್ಕೂಲನ್ನು ಸೇರುವರು. ಪ್ರತಿಸಲ ಉತ್ತೀರ್ಣರಾದಾಗ ದೊರೆತ ಟೋಪಿಗಳನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿರುವುದನ್ನು ಚಲನಚಿತ್ರದಲ್ಲಿ ವಿನೋದವೆಂದು ತೋರಿಸುವರು. ಒಂದು ಶತಮಾನ ಬೆಂಚಿನ ಮೇಲೆ ಕುಳಿತೂ ಒಬ್ಬ ಗುರುವಿನಿಂದ ಒಂದಕ್ಷರ ಕಲಿಯಬೇಕಾಗಿ ಬರಲಿಲ್ಲವೆಂಬುದು ಯಾರಿಗೆ ವಿನೋದವೋ ನಾನರಿಯೆ.

ಪೂರ್ವಪಕ್ಷವನ್ನು ಮುಚ್ಚಿಡುವುದು ನ್ಯಾಯವಲ್ಲ. ‘ಎಡ್ವರ್ಡನ ಸಂಯಮವನ್ನು ನೋಡಿರಿ, ಎದುರಿಗೆ ರಕ್ತವಿದ್ದರೂ ಮುಟ್ಟನು’ ಎನ್ನುವರು. ಈ ಗುಣವನ್ನು ನಾನು ಒಪ್ಪುವೆನು. ಪುಸ್ತಕದ ಸತ್ತ್ವವಿರುವುದು ಅಲ್ಲಿಯೇ. ಆದರೆ ಅದೇ ಸಂಯಮಿಯು ಹುಡುಗಿಗೆ ತಿಳಿಯದಂತೆ ರಾತ್ರಿ ರಾತ್ರಿ ಅವಳ ಕೋಣೆಯನ್ನು ಹೊಕ್ಕು ಅವಳು ನಿದ್ರಿಸುವುದನ್ನು ನೋಡುತ್ತ ಕೂರುವನು. ಡ್ರ್ಯಾಕುಲನಾದರೂ ಮನೆಯವರಲ್ಲೊಬ್ಬರು ಕರೆಯದೆ ಮೊದಲ ಸಲ ಹೊಸ್ತಿಲನ್ನು ದಾಟಲಾರನು. ನಮ್ಮ ಹಳ್ಳಿಗಳಲ್ಲಿ ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆದರೆ ದೆವ್ವವೂ ಮರ್ಯಾದೆಯಿಂದ ಹಿಂದಿರುಗುತ್ತಿತ್ತು. ‘ಏನನ್ನಾದರೂ ಓದಲಿ, ಓದುವರಲ್ಲ’ ಎಂಬವರಿಗೆ ಹೇಳುವುದಿಷ್ಟೆ: ಏನನ್ನಾದರೂ ತಿನ್ನಲಿ ಎಂದು ಯಾವ ತಾಯಿಯೂ ಹೇಳುವುದಿಲ್ಲ. ‘ಬರಿಯ ಕಥೆಯಲ್ಲವೆ?’ ಎಂಬವರನ್ನು ಮಾತ್ರ ನಮ್ಮ ಬೇತಾಳನ ಬಳಿಗೇ ಕರೆದೊಯ್ಯಬೇಕು.

1870ರಲ್ಲಿ ರಿಚರ್ಡ್ ಬರ್ಟನ್ ಬೇತಾಳನ ಕಥೆಗಳಲ್ಲಿ ಕೆಲವನ್ನು ಇಂಗ್ಲಿಷಿನಲ್ಲಿ ಬರೆದು ‘ವಿಕ್ರಮ್ ಅಂಡ್ ದಿ ವ್ಯಾಂಪೈರ್’ ಎಂದು ಹೆಸರಿಟ್ಟನು. ಹೆಸರು ತಪ್ಪು, ಶಿಂಶಪಾವೃಕ್ಷದ ಹೆಣದೊಳಗಿನ ಬೇತಾಳನು ರಾಜನ ರಕ್ತವನ್ನು ಕೇಳುವುದಿಲ್ಲ, ಉತ್ತರವನ್ನು ಕೇಳುವನು. ‘ಚಂದಮಾಮ’ದಲ್ಲಿ ಅವನ ಪ್ರಶ್ನೆಗಾಗಿ ಕಾದವರು ನಮ್ಮ ಮನೆಗಳಲ್ಲಿ ಇನ್ನೂ ಇರುವರು. ಆದರೆ ಸೋಮದೇವನು ಕಥೆಯನ್ನು ಎಲ್ಲಿಂದ ಆರಂಭಿಸಿದನೆಂಬುದನ್ನು ಅನೇಕರು ಮರೆತಿರುವರು. ಕ್ಷಾಂತಿಶೀಲನೆಂಬ ಭಿಕ್ಷುವು ತ್ರಿವಿಕ್ರಮಸೇನನಿಗೆ ಹತ್ತು ವರ್ಷ ದಿನಕ್ಕೊಂದು ಹಣ್ಣನ್ನು ತಂದೊಪ್ಪಿಸುವನು. ರಾಜನು ಗಮನವಿಲ್ಲದೆ ಭಂಡಾರಿಯ ಕೈಗೆ ಕೊಡುವನು. ಒಂದು ದಿನ ಕೋತಿಯೊಂದು ಹಣ್ಣನ್ನು ಕಚ್ಚಲು ಒಳಗಿನಿಂದ ಅನರ್ಘ್ಯರತ್ನ ಉರುಳುವುದು. ಆಗ ರಾಜನು ಹಿಗ್ಗಿ ಕುಣಿಯಲಿಲ್ಲ. ಇಷ್ಟು ಧನವನ್ನು ವ್ಯಯಮಾಡಿ ನನ್ನನ್ನು ಸೇವಿಸುವುದೇಕೆ, ಹೇಳದಿದ್ದರೆ ಇಂದಿನ ಹಣ್ಣನ್ನು ಮುಟ್ಟೆನೆಂದು ಭಿಕ್ಷುವನ್ನು ಕೇಳಿದನು. ಆ ರತ್ನಗಳ ಬೆಲೆ ರಾಜನ ತಲೆಯೇ ಆಗಿತ್ತೆಂಬುದು ಕಡೆಯಲ್ಲಿ ತಿಳಿಯುವುದು. ಬೆಲ್ಲಾಳ ಮನೆಯಂಗಳಕ್ಕೆ ಮರ್ಸಿಡಿಸ್ ಬಂದು ನಿಂತಾಗ ಆ ಕೋತಿಯಷ್ಟು ಉಪಕಾರವನ್ನು ಮಾಡುವ ಪ್ರಾಣಿ ನಾಲ್ಕು ಸಂಪುಟಗಳಲ್ಲಿ ಒಂದೂ ಇಲ್ಲ.

ಕಥೆಯ ಹೊರಗಿನ ಲೆಕ್ಕವೂ ಒಂದಿದೆ. ಕಲನ್ನರಿಗೆ ಎದುರಾಳಿಗಳಾಗಿ ಲೇಖಕಿ ತಂದಿರುವ ತೋಳರೂಪದ ತರುಣರು ಕ್ವಿಲ್ಯೂಟ್ ಎಂಬ ಜನಾಂಗದವರು. ಇವರು ಕಲ್ಪಿತರಲ್ಲ, ಲಾ ಪುಷ್ ಎಂಬಲ್ಲಿ ಸಮುದ್ರದ ಅಂಚಿಗೆ ಸುಮಾರು ಒಂದು ಚದರ ಮೈಲಿಯ ನೆಲದಲ್ಲಿ ಬಾಳುತ್ತಿದ್ದ ನಿಜವಾದ ಮನುಷ್ಯರು. ತಮ್ಮ ಮೂಲಪುರುಷರು ತೋಳಗಳಿಂದ ಮಾರ್ಪಟ್ಟವರೆಂಬುದು ಅವರ ಪವಿತ್ರಕಥೆ. ಅದರಲ್ಲಿ ರಕ್ತಪಿಶಾಚಿಗಳ ಸುದ್ದಿಯೇ ಇಲ್ಲ. ಪುಸ್ತಕ ಕೋಟಿಗಟ್ಟಲೆ ಮಾರಾಟವಾಗಿ, ಅವರ ಹೆಸರನ್ನು ಹೊತ್ತ ಸರಕುಗಳು ಅಂಗಡಿಗಳಿಗೆ ಬಂದುವು. ನಿಜವಾವುದು, ಕಟ್ಟಿದುದಾವುದು ಎಂದು ಬೇರ್ಪಡಿಸಿ ತೋರಿಸಲು ಸಿಯಾಟಲ್ ನಗರದ ಬರ್ಕ್ ವಸ್ತುಸಂಗ್ರಹಾಲಯದವರು ಆ ಜನರೊಡನೆ ಸೇರಿ ಪ್ರತ್ಯೇಕವಾಗಿ ಶ್ರಮಿಸಬೇಕಾಯಿತು. ಸುನಾಮಿಯ ದಾರಿಯಲ್ಲಿಯೇ ಇದ್ದ ಅವರ ಶಾಲೆಯನ್ನೂ ಮನೆಗಳನ್ನೂ ಎತ್ತರಕ್ಕೆ ಸಾಗಿಸಲು ನೆಲ ದೊರೆತುದು 2012ರಲ್ಲಿ, ಅಮೆರಿಕದ ಕಾಂಗ್ರೆಸ್ಸಿನ ಒಂದು ಶಾಸನದಿಂದ. ಐದನೆಯ ಚಲನಚಿತ್ರ ತೆರೆಗೆ ಬಂದುದೂ ಆ ವರ್ಷವೇ. ಮುಂದಿನ ಸಲ ಮೊಮ್ಮಗಳು ಈ ಪುಸ್ತಕವನ್ನು ಕೈಗೆತ್ತಿಕೊಂಡಾಗ ನಾನು ಕಿತ್ತುಕೊಳ್ಳುವವನಲ್ಲ. ಭೂಪಟವನ್ನು ಬಿಡಿಸಿ ಲಾ ಪುಷ್ ಎಲ್ಲಿದೆಯೆಂದು ಅವಳಿಂದಲೇ ಹುಡುಕಿಸುವೆನು.